ಹಳದಿ ಎಲ್ಲಿಂದ ಶುರುವಾಯ್ತು?

ಭಾನುವಾರ, 15 ಜೂನ್ 2025

ನಿಂಬೆ ಗಿಡದ ಚಿಗುರು ಬಣ್ಣ ಕಳೆದುಕೊಳ್ಳುತ್ತಿದೆ. ಪಕ್ಕದ ಕುಂಡದ ಮಲ್ಲಿಗೆಯಲ್ಲಿ ಕೆಳಗಿನ ಎಲೆಗಳು ಹಳದಿ ಬಿದ್ದಿವೆ. ನೋಡಿದವರೆಲ್ಲ ಎರಡಕ್ಕೂ ಹೇಳಿದ್ದು ಒಂದೇ ಮಾತು: "ಗೊಬ್ಬರ ಸಾಲ್ತಿಲ್ಲ, ಒಂದಿಷ್ಟು ಹಾಕಿ." ಎರಡೂ ಹಳದಿಯೇ, ಸರಿ. ಆದರೆ ಒಂದರಲ್ಲಿ ಮೇಲಿನಿಂದ ಶುರುವಾಗಿದೆ, ಇನ್ನೊಂದರಲ್ಲಿ ಕೆಳಗಿನಿಂದ. ಏನನ್ನಾದರೂ ಹಾಕುವ ಮೊದಲು ಇದನ್ನು ನೋಡಲೇಬೇಕು.

ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಇವನ್ನು ಗಿಡ ತನ್ನೊಳಗೇ ಸಾಗಿಸಿಕೊಳ್ಳುತ್ತದೆ. ಕೊರತೆ ಬಿದ್ದಾಗ ಹಳೇ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಅದಕ್ಕೇ ಕೆಳಗಿನ ಎಲೆ ಮೊದಲು ಹಳದಿ ಬೀಳುವುದು. ಸಾರಜನಕ ಕಮ್ಮಿಯಾದರೆ ಇಡೀ ಎಲೆ ಒಂದೇ ಸಮನೆ ಹಳದಿ. ಪೊಟ್ಯಾಷ್ ಕಮ್ಮಿಯಾದರೆ ಅಂಚು ಹಳದಿಯಾಗಿ ಒಣಗುತ್ತಾ ಬರುತ್ತದೆ. ಮೆಗ್ನೀಸಿಯಂ ಆದರೆ ನರಗಳ ನಡುವೆ. ಕಬ್ಬಿಣದ ವಿಷಯ ಬೇರೆ. ಅದು ಒಮ್ಮೆ ಎಲೆ ಸೇರಿದರೆ ಹೆಚ್ಚುಕಮ್ಮಿ ಅಲ್ಲೇ ಉಳಿಯುತ್ತದೆ. ಹೊಸ ಎಲೆಗೆ ಬೇರಿನಿಂದ ಹೊಸದಾಗಿಯೇ ಬರಬೇಕು. ಬರದಿದ್ದರೆ ಚಿಗುರು ಬಿಳಚಿಕೊಳ್ಳುತ್ತದೆ.

ನಿಂಬೆಯ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿದೆ. ಸಣ್ಣ ಸಣ್ಣ ನರಗಳೂ ಹಸಿರಾಗಿವೆ, ನಡುವಿನ ಜಾಗ ಮಾತ್ರ ತಿಳಿ ಹಳದಿ. ಹಸಿರು ದಾರದಲ್ಲಿ ಹೆಣೆದ ಬಲೆಯ ಹಾಗೆ ಕಾಣುತ್ತಿತ್ತು. ಕೆಳಗಿನ ಹಳೇ ಎಲೆಗಳು ಕಡು ಹಸಿರು. ಇದು ಕಬ್ಬಿಣದ ಕೊರತೆಯದೇ ಲಕ್ಷಣ. ಹಾಗಂತ ಮಣ್ಣಿನಲ್ಲಿ ಕಬ್ಬಿಣವೇ ಇಲ್ಲ ಅಂತಲ್ಲ. ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ) 7 ದಾಟಿದ ಮಣ್ಣಿನಲ್ಲಿ ಅದು ಕರಗದೆ ಕೂತುಬಿಡುತ್ತದೆ, ಬೇರಿಗೆ ಸಿಗುವುದಿಲ್ಲ. ಈ ಕುಂಡಕ್ಕೆ ಹಾಕುವುದು ಗಡಸು ನೀರು. ಅಂಚಿನಲ್ಲಿ ಬಿಳಿ ಪದರವೂ ಕಟ್ಟಿದೆ. ನೀರಿನಲ್ಲಿರುವ ಸುಣ್ಣದ ಅಂಶ ನಿಧಾನಕ್ಕೆ ಪಿಎಚ್ ಏರಿಸಿರಬೇಕು.

ಊಹೆ ಸರಿಯಾ ಅಂತ ನೋಡಲು ಒಂದು ಹಳೇ ದಾರಿಯಿದೆ. 1840ರ ದಶಕದಲ್ಲೇ ಫ್ರಾನ್ಸ್‌ನ ಯೂಸೆಬ್ ಗ್ರಿ ಎಂಬ ವಿಜ್ಞಾನಿ ಹಳದಿ ಎಲೆಗಳಿಗೆ ಕಬ್ಬಿಣದ ಲವಣ ಕೊಟ್ಟು ಹಸಿರು ಮರಳಿ ಬರುವುದನ್ನು ತೋರಿಸಿದ್ದರು. ನಾನೂ ಇವತ್ತು ಕೀಲೇಟೆಡ್ ಕಬ್ಬಿಣವನ್ನು, ಅಂದರೆ ಗಿಡಕ್ಕೆ ಸುಲಭವಾಗಿ ದಕ್ಕುವ ಹಾಗೆ ಕರಗುವ ರೂಪದಲ್ಲಿರುವ ಕಬ್ಬಿಣವನ್ನು, ತುಂಬಾ ತೆಳ್ಳಗೆ ನೀರಿಗೆ ಬೆರೆಸಿ, ಒಂದು ಎಲೆಯ ಅರ್ಧಕ್ಕೆ ಮಾತ್ರ ಬ್ರಷ್‌ನಿಂದ ಸವರಿದ್ದೇನೆ. ಒಂದೆರಡು ವಾರದಲ್ಲಿ ಆ ಅರ್ಧ ಹಸಿರಾಗಿ, ಇನ್ನರ್ಧ ಹಾಗೇ ಉಳಿದರೆ ಅನುಮಾನವೇ ಬೇಡ.

ಇಂಥ ಗಿಡಕ್ಕೂ ಎಪ್ಸಮ್ ಸಾಲ್ಟ್ ಸುರಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದರಲ್ಲಿರುವುದು ಮೆಗ್ನೀಸಿಯಂ ಮತ್ತು ಗಂಧಕ, ಕಬ್ಬಿಣವಲ್ಲ. ಜಾಸ್ತಿಯಾದರೆ ಬೇರು ಕ್ಯಾಲ್ಸಿಯಂ ಹೀರುವುದಕ್ಕೂ ಅಡ್ಡಿ.

ಮಲ್ಲಿಗೆ ಹೆಚ್ಚು ಹೊತ್ತು ಹಿಡಿಯಿತು. ಎಲೆ ಒಂದೇ ಸಮನೆ ಹಳದಿ, ಅಂದರೆ ಸಾರಜನಕದ ಕೊರತೆ ಅನ್ನಿಸುವ ಹಾಗೇ ಇದೆ. ಆದರೆ ಮಣ್ಣು ಒದ್ದೆಯಿದ್ದೂ ಗಿಡ ಬಾಡಿ ಜೋತುಬಿದ್ದಿತ್ತು. ಕುಂಡವನ್ನು ಓರೆ ಮಾಡಿ ಮಣ್ಣಿನ ಮುದ್ದೆ ಹೊರಗೆ ತೆಗೆದೆ. ಕೊಳೆತ ವಾಸನೆ ಮೂಗಿಗೆ ಬಡಿಯಿತು. ಒಂದು ಬೇರನ್ನು ಬೆರಳಲ್ಲಿ ಹಿಡಿದು ಎಳೆದರೆ ಕಂದು ಸಿಪ್ಪೆ ಕಳಚಿ ಬಂತು, ಒಳಗೆ ನಾರಿನಂಥ ಎಳೆ ಮಾತ್ರ ಉಳಿಯಿತು. ಒಳ್ಳೆಯ ಬೇರು ಬೆಳ್ಳಗೆ, ಗಟ್ಟಿಯಾಗಿರಬೇಕು. ತಳದ ತೂತು ಮಣ್ಣು ಕಟ್ಟಿಕೊಂಡು ಮುಚ್ಚಿಹೋಗಿತ್ತು.

ಬೇರಿಗೂ ಉಸಿರಾಡಬೇಕಲ್ವಾ? ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಕಡೆಯೆಲ್ಲ ನೀರು ನಿಂತರೆ ಬೇರು ಸಾಯುತ್ತದೆ. ಆಮೇಲೆ ಪಕ್ಕದಲ್ಲೇ ಗೊಬ್ಬರ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಇದರ ಮೇಲೆ ಯೂರಿಯಾ ಹಾಕಿದರೆ ಉಳಿದ ಬೇರೂ ಸುಡುತ್ತದೆ. ಕೊಳೆತದ್ದನ್ನೆಲ್ಲ ಕತ್ತರಿಸಿದೆ. ತೂತು ಬಿಡಿಸಿ, ದಪ್ಪ ಮರಳು ಬೆರೆಸಿದ ಸಡಿಲ ಮಣ್ಣಿಗೆ ಗಿಡ ಬದಲಾಯಿಸಿದೆ. ಇನ್ನು ಬೆರಳು ಎರಡು ಗೆಣ್ಣು ಇಳಿಸಿ, ಒಣಗಿದೆ ಅನ್ನಿಸಿದರೆ ಮಾತ್ರ ನೀರು.

ದಾಸವಾಳದಲ್ಲೂ ಹಳದಿ ಚುಕ್ಕೆಗಳಿದ್ದವು. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆಗೆ ತಟ್ಟಿದೆ. ಬಿದ್ದ ಧೂಳಿನಲ್ಲಿ ಕೆಲವು ಕಣಗಳು ನಡೆದಾಡಿದವು. ಎಲೆಯ ರಸ ಹೀರುವ ನುಸಿ! ಎಲೆಯ ತಳಭಾಗವನ್ನು ಜೋರು ನೀರಿನಿಂದ ತೊಳೆದೆ. ಇನ್ನೂ ಕೆಲವು ದಿನ ತೊಳೆಯುತ್ತಲೇ ಇರಬೇಕು.

ಬುಡದಲ್ಲಿ ಒಂದೊಂದೇ ಎಲೆ ಹಳದಿಯಾಗಿ ಉದುರುವುದಕ್ಕೆ ಗಾಬರಿ ಬೇಡ, ಅದು ವಯಸ್ಸಾದ ಎಲೆ. ಪೂರ್ತಿ ಹಳದಿ ಬಿದ್ದ ಹಳೇ ಎಲೆ ಮತ್ತೆ ಹಸಿರಾಗುವುದು ಕಷ್ಟ. ಅದನ್ನೇ ನೋಡಿಕೊಂಡು ವಾರಕ್ಕೊಂದು ಔಷಧಿ ಬದಲಾಯಿಸಿದರೆ ಗಿಡಕ್ಕೆ ಸುಮ್ನೆ ಹಿಂಸೆ. ಮುಂದೆ ಬರುವ ಚಿಗುರಿನ ಬಣ್ಣ ನೋಡಬೇಕು. ಮಲ್ಲಿಗೆಗೆ ಹೊಸ ಬೇರು ಬಂದು ಚಿಗುರೊಡೆಯುವವರೆಗೆ ಗೊಬ್ಬರ ಕೊಡುವುದಿಲ್ಲ. ನೆರಳಿಗೆ ಎತ್ತಿಟ್ಟಿದ್ದೇನೆ.