ಎರಡು ಹೋಳು, ಒಂದೇ ನಂಬರ್

ನವೆಂಬರ್ 16, 2025, ಭಾನುವಾರ
ಬರ್ಮಿಂಗ್‌ಹ್ಯಾಮ್

ಇವತ್ತು ನಮ್ಮ ಹಳೇ ಬೈಕಿನ ಚೇಂಬರ್‌ನ, ಅಂದರೆ ಎಂಜಿನ್‌ನಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟ್ ಕೂರುವ ಕವಚದ, ಎರಡೂ ಹೋಳುಗಳನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದೆ. ತಳದಲ್ಲಿ ಕಪ್ಪಗೆ ಗಟ್ಟಿಯಾಗಿದ್ದ ಜಿಡ್ಡು ಬಿಟ್ಟುಕೊಂಡ ಮೇಲೆ ಒಂದು ನಂಬರ್ ಕಾಣಿಸಿತು. ಎರಡೂ ಹೋಳಿನಲ್ಲಿ ಅದೇ ನಂಬರ್. ಯಾರೋ ಕೈಯಲ್ಲೇ ಪಂಚ್ ಹಿಡಿದು ಹೊಡೆದದ್ದು. ಕೊನೆಯ ಅಂಕಿ ಸ್ವಲ್ಪ ವಾಲಿದೆ.

ಕಾರ್ಖಾನೆಯಲ್ಲಿ ಇವೆರಡನ್ನೂ ಜೋಡಿಯಾಗಿಯೇ ಮಷೀನಿಂಗ್ ಮಾಡಿರುತ್ತಾರೆ. ಆಮೇಲೆ ಅದಲು ಬದಲಾಗದಿರಲಿ ಅಂತ ನಂಬರ್. ಬೇರೆ ಎಂಜಿನ್‌ನ ಅರ್ಧ ತಂದು ಸೇರಿಸಿದರೆ ಕ್ರ್ಯಾಂಕ್ ನೆಟ್ಟಗೆ ಕೂರುತ್ತದೆ ಅನ್ನುವ ಭರವಸೆ ಇಲ್ಲ. ಹಳೇ ಬೈಕ್ ಕೊಳ್ಳುವವರು ಬಗ್ಗಿ ನೋಡಬೇಕಾದದ್ದು ಇದನ್ನು. ಟ್ಯಾಂಕಿನ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು.

ನಮ್ಮದು 1942ರ ಎಂಜಿನ್. ಇಷ್ಟು ವರ್ಷವಾದರೂ ಜೋಡಿ ಬಿಟ್ಟಿಲ್ಲ. ಖುಷಿ ತಡೆಯಲಾಗದೆ ಇವರನ್ನು ಕೂಗಿ ತೋರಿಸಿದೆ. ಇವರು ಬರುವ ಮೊದಲೇ ಪಕ್ಕದ ಮನೆಯ ಅಜ್ಜ ಬೇಲಿ ಹತ್ತಿರ ಬಂದಿದ್ದರು.

"ಯಾವ ಬೈಕಿಂದು, ಬ್ಯಾಬ್?" ಇಲ್ಲಿಯವರು ಪ್ರೀತಿಯಿಂದ ಕರೆಯುವುದು ಹಾಗೆ.

"ಬಿಎಸ್‌ಎ ಎಂ20. ಯುದ್ಧಕ್ಕೆ ಅಂತ ಮಾಡಿದ್ದು."

ಅಜ್ಜ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಗೇಟು ತೆಗೆದುಕೊಂಡು ಒಳಗೇ ಬಂದರು. ಅವರ ಅಮ್ಮ ಇದೇ ಊರಿನ ಸ್ಮಾಲ್ ಹೀತ್‌ನಲ್ಲಿ ಈ ಬೈಕ್ ಮಾಡಿದ ಬಿಎಸ್‌ಎ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದರಂತೆ. ಮದುವೆಗೆ ಮುಂಚೆ, ರಾತ್ರಿ ಪಾಳಿ. ಇಷ್ಟು ದಿನ ಅಕ್ಕಪಕ್ಕದಲ್ಲಿದ್ದೇವೆ, ನನಗೆ ಗೊತ್ತೇ ಇರಲಿಲ್ಲ.

1940ರ ನವೆಂಬರ್ 19ರ ರಾತ್ರಿ ಆ ಕಾರ್ಖಾನೆಯ ಮೇಲೆ ಬಾಂಬ್ ಬಿತ್ತು. 53 ಜನ ಕೆಲಸಗಾರರು ಸತ್ತರು. ಇದನ್ನು ನಾನು ಓದಿದ್ದೆ. ಆ ರಾತ್ರಿ ನಿಮ್ಮಮ್ಮ ಎಲ್ಲಿದ್ದರು ಅಂತ ಕೇಳಲೋ ಬೇಡವೋ ಅಂದುಕೊಳ್ಳುತ್ತಿದ್ದೆ. ಅವರೇ ಹೇಳಿದರು.

"ಆವತ್ತು ಅಮ್ಮನಿಗೆ ಜ್ವರ. ಮನೆಯಲ್ಲಿದ್ದಳು. ಜೊತೆಯಲ್ಲಿ ಊಟ ಮಾಡುತ್ತಿದ್ದ ಹುಡುಗಿ ಹೋಗಿದ್ದಳು."

"ಆಮೇಲೂ ಅಲ್ಲೇ ಕೆಲಸ ಮಾಡಿದರಾ?"

"ಯುದ್ಧ ಮುಗಿಯುವವರೆಗೂ."

ಕೈ ಒರೆಸಿಕೊಂಡು, ಮುಟ್ಟಬಹುದಾ ಅಂತ ಕೇಳಿದರು. ವಾಲಿದ ಆ ಅಂಕಿಯ ಮೇಲೆ ಹೆಬ್ಬೆರಳು ಆಡಿಸಿದರು. "ಇದನ್ನು ಅವಳೇ ಹೊಡೆದಿರಬಹುದಾ?" ಅಂದರು. ಸೈನ್ಯಕ್ಕೆ ಇಂಥ ಬೈಕುಗಳು ಹೋಗಿದ್ದೇ ಸುಮಾರು 1,26,000. ಇರಬಹುದು ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಇಲ್ಲ ಅನ್ನೋಕೂ ಬರಲಿಲ್ಲ. ಟೀ ಕುಡಿಯುತ್ತೀರಾ ಅಂದೆ.

ಆ ಕಾರ್ಖಾನೆಯನ್ನು ಎಪ್ಪತ್ತರ ದಶಕದಲ್ಲಿ ಕೆಡವಿದರು. ಈ ಬುಧವಾರಕ್ಕೆ ಬಾಂಬ್ ಬಿದ್ದು 85 ವರ್ಷ. ಅಜ್ಜ ಕಾರ್ಖಾನೆ ಇದ್ದ ಆರ್ಮರಿ ರೋಡ್‌ಗೆ ಹೋಗಬೇಕು ಅಂದರು. ಕರೆದುಕೊಂಡು ಹೋಗುತ್ತೇನೆ ಅಂದಿದ್ದೇನೆ. ಆಫೀಸಿಗೆ ಅರ್ಧ ದಿನ ರಜೆ ಹಾಕಬೇಕು.

ಗೇರ್‌ಬಾಕ್ಸ್ ಬಗ್ಗೆ ಬರೆಯಲು ಮನಸ್ಸೇ ಇಲ್ಲ. ಗೇರ್‌ಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಡಾಗ್ ಅನ್ನುವ ಹಲ್ಲುಗಳ ಮೂಲೆಗಳೆಲ್ಲ ಸವೆದು ದುಂಡಾಗಿವೆ. ಏರಿನಲ್ಲಿ ಭಾರ ಬಿದ್ದರೆ ಗೇರ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಒಳಗಿನ ಎರಡನೇ ಶಾಫ್ಟ್, ಲೇಶಾಫ್ಟ್, ತಿರುಗುವ ಬುಷ್‌ಗಳೂ ಹೋಗಿವೆ. ಬುಷ್ ಹೊಸದು ಸಿಗುತ್ತದೆ. ಒಳ್ಳೆಯ ಗೇರ್ ಹುಡುಕಬೇಕು. ಚೇಂಬರ್ ನೋಡಿ ಹಿಗ್ಗಿದ್ದೆಲ್ಲ ಇಲ್ಲಿ ಇಳಿದುಹೋಯಿತು.

ಅದಕ್ಕಿಂತ ಜಾಸ್ತಿ ಯೋಚನೆ ಬಿಗ್ ಎಂಡ್‌ದು, ಪಿಸ್ಟನ್‌ನಿಂದ ಬರುವ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗ್. ಕನೆಕ್ಟಿಂಗ್ ರಾಡ್ ಹಿಡಿದು ಪಕ್ಕಕ್ಕೆ ಆಡಿಸಿದರೆ ಸ್ವಲ್ಪ ಆಡಬೇಕು, ಅದು ಸರಿ. ಮೇಲೆ ಕೆಳಗೆ ಎಳೆದಾಗ ಅಲುಗಾಡಬಾರದು. ಇದರಲ್ಲಿ ಅಲುಗಾಡುತ್ತಿದೆ, ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಅಂದರೆ ಕ್ರ್ಯಾಂಕಿನ ಎರಡು ಭಾರದ ಚಕ್ರಗಳನ್ನು, ಫ್ಲೈವೀಲ್‌ಗಳನ್ನು, ಬಿಡಿಸಬೇಕು, ಅವನ್ನು ಸೇರಿಸುವ ಹೊಸ ಪಿನ್ನು, ಹೊಸ ರೋಲರ್ ಹಾಕಬೇಕು. ಆಮೇಲೆ ಎರಡೂ ಫ್ಲೈವೀಲ್ ಒಂದೇ ನೇರಕ್ಕೆ ಬರುವ ಹಾಗೆ ಕೂರಿಸಬೇಕು.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಜಾಲಹಳ್ಳಿಯಲ್ಲಿ ಮಲಗುವ ಹೊತ್ತು. ಎಚ್‌ಎಂಟಿಯಲ್ಲಿ ಲೇತ್ ಮುಂದೆ ನಿಂತ ಕಾಲುಗಳು ಈಗ ಮೆಟ್ಟಿಲು ಹತ್ತಲ್ಲ, ಆದರೆ ಈ ಮಾತು ಬಂದರೆ ಎದ್ದು ಕೂರುತ್ತಾರೆ.

"ಸೆಂಟರ್ ಮಧ್ಯೆ ಕಟ್ಟು ಪುಟ್ಟಿ. ಡಯಲ್ ಹಚ್ಚಿ ನಿಧಾನ ತಿರುಗಿಸು. ಎಲ್ಲಿ ಎತ್ತರ ತೋರಿಸ್ತದೋ ಅಲ್ಲಿ ತಾಮ್ರದ ಸುತ್ತಿಗೇಲಿ ಒಂದೇ ಏಟು. ಮತ್ತೆ ತಿರುಗಿಸು. ಎರಡು ಥೌ ಒಳಗೆ ಬರಬೇಕು." ಸೆಂಟರ್ ಅಂದರೆ ಶಾಫ್ಟನ್ನು ಎರಡೂ ತುದಿಯಲ್ಲಿ ಹಿಡಿಯುವ ಮೊನೆಗಳು, ಡಯಲ್ ಅಂದರೆ ಎತ್ತರ ತಗ್ಗು ತೋರಿಸುವ ಗೇಜ್, ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ.

"ಬರದಿದ್ರೆ ಅಪ್ಪ?"

"ಬರ್ತದೆ. ಬರೋವರೆಗೂ ಹೊಡಿ."

ಇವರು ಹೊರಗೆ ಕೊಟ್ಟುಬಿಡು ಅನ್ನುತ್ತಾರೆ. ಕೊಡಬಹುದು, ಚೆನ್ನಾಗಿ ಮಾಡುವವರು ಇಲ್ಲಿ ಇದ್ದಾರೆ. ಆದರೆ ಅಪ್ಪ ಏಪ್ರಿಲ್‌ನಲ್ಲಿ ಬರುತ್ತಾರೆ. ಅಲ್ಲಿಯವರೆಗೆ ಎಣ್ಣೆ ಹಚ್ಚಿ ಸುತ್ತಿಟ್ಟರೆ ಕ್ರ್ಯಾಂಕ್ ಏನೂ ಆಗಲ್ಲ. ಪಿನ್ನು ಈಗಲೇ ತರಿಸಿಟ್ಟುಕೊಂಡು, ಸೆಂಟರ್‌ಗೆ ನಾಳೆ ವರ್ಕ್‌ಶಾಪಿನವರನ್ನು ಕೇಳಿ, ಅವರು ಒಂದು ದಿನದ ಮಟ್ಟಿಗೆ ಕೊಡುತ್ತೇನೆ ಅಂದರೆ ಅಪ್ಪ ಕುರ್ಚಿ ಹಾಕಿಕೊಂಡು ಕೂತು…