ನನ್ನ ವೋಟಿಗೆ ಸಿಗದ ಹೆಗಡೇರು

1983ರ ಜನವರಿ. ನಮ್ಮನೆ ಅಂಗಳದಲ್ಲಿ ಅಡಿಕೆ ಸುಲಿಯುವ ಗಡಿಬಿಡಿ. ಹತ್ತು ಹನ್ನೆರಡು ಮೆಟ್ಟುಗತ್ತಿ, ನಡುವೆ ಒಂದು ಗ್ಯಾಸ್‌ಲೈಟು, ಆಚೆ ಹಂಡೆಯಲ್ಲಿ ಕುದಿಯುವ ಅಡಿಕೆ. ಕಂಬಕ್ಕೆ ನೇತುಹಾಕಿದ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಬಂತು: ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಕತ್ತಿಗಳೆಲ್ಲ ಒಮ್ಮೆಲೇ ನಿಂತವು. ಸುಲಿಯಲು ಬಂದ ಹೆಂಗಸೊಬ್ಬಳು ಕೇಳಿದಳು, "ಎಮ್ಮೆಲ್ಲೆ ಅಲ್ದಿದ್ದೋರು ಮುಖ್ಯಮಂತ್ರಿ ಆಗ್ಬೋದಾ ಹೆಗಡೇರೆ?"

ಅಪ್ಪ ಉತ್ತರ ಕೊಡಲಿಲ್ಲ. ಚೊಗರು ಹತ್ತಿ ಕರ್ರಗಾದ ಕೈಯಲ್ಲೇ ರೇಡಿಯೋದ ಕಿವಿ ತಿರುಪಿ ದನಿ ಏರಿಸಿದರು. ಆ ಗುಂಡಿಯ ಮೇಲೆ ಕಪ್ಪು ಬೆರಳ ಗುರುತು ಬಹಳ ವರ್ಷ ಇತ್ತು.

ಪ್ರಶ್ನೆಯೇನೋ ಸರಿಯಾದದ್ದೇ. ಆರು ತಿಂಗಳೊಳಗೆ ಗೆದ್ದು ಬರಬೇಕಿತ್ತು, ಗೆದ್ದರು. ಆದರೆ ಅವರದೂ ನಮ್ಮದೂ ಊರ ಕಡೆಯಾದ ಸಿದ್ದಾಪುರದಿಂದಲ್ಲ, ಶಿರಸಿಯಿಂದಲೂ ಅಲ್ಲ, ಕನಕಪುರದಿಂದ. 1985ರಲ್ಲಿ ಬಸವನಗುಡಿಯಿಂದ. 1991ರಲ್ಲಿ ಲೋಕಸಭೆಗೆ ನಿಂತದ್ದು ಬಾಗಲಕೋಟೆಯಲ್ಲಿ. ಅಲ್ಲಿ ಸಿದ್ದು ನ್ಯಾಮಗೌಡರ ಎದುರು ಸೋತರು. ನನಗೆ ವೋಟು ಬಂದ ಮೇಲೆ (ಆಗ ಇಪ್ಪತ್ತೊಂದಾಗಬೇಕಿತ್ತು) ಒಂದು ಸಲವೂ ನನ್ನ ಕೈಗೆ ಬಂದ ಮತಪತ್ರದಲ್ಲಿ ಅವರ ಹೆಸರಿರಲಿಲ್ಲ. "ಅವು ಬೆಂಗ್ಳೂರವು ಆಗೋದ ತಮಾ" ಎನ್ನುತ್ತಿದ್ದರು ಅಪ್ಪ. ಅವರ ಕಾಲದಲ್ಲಿ ಹೆಗಡೇರು ಜಿಲ್ಲೆಯಿಂದಲೇ ಗೆದ್ದು ಹೋದವರು, 1957ರಲ್ಲೇ ವಿಧಾನಸಭೆ ಸೇರಿದವರು. ಆ ಗತ್ತು ಅಪ್ಪನ ಮಾತಿನಲ್ಲಿ ಇದ್ದೇ ಇತ್ತು.

ಬೆಂಗಳೂರವರು ಆಗದೆ ಇನ್ನೇನು! ನಿಜಲಿಂಗಪ್ಪನವರ ಸಂಪುಟ, ಆಮೇಲೆ ವೀರೇಂದ್ರ ಪಾಟೀಲರ ಸಂಪುಟದಲ್ಲಿ ಹಣಕಾಸು, ಕಾಂಗ್ರೆಸ್ ಒಡೆದಾಗ ಇಂದಿರಾ ಗಾಂಧಿಯವರ ಎದುರು ಬಣ, ತುರ್ತುಪರಿಸ್ಥಿತಿಯಲ್ಲಿ ಜೈಲು. ಮಂತ್ರಿಯಾಗಿ, ಮುಖ್ಯಮಂತ್ರಿಯಾಗಿ ಒಟ್ಟು 13 ಬಜೆಟ್ ಮಂಡಿಸಿದರು. ಆ ದಾಖಲೆ ಮುರಿದದ್ದು 2023ರ ಜುಲೈನಲ್ಲಿ. ಮುರಿದ ಸಿದ್ದರಾಮಯ್ಯನವರು ಇದೇ ಹೆಗಡೆ ಸಂಪುಟದಲ್ಲೇ ಮೊದಲ ಸಲ ಮಂತ್ರಿಯಾದವರು.

ಜನ ಹೆಚ್ಚು ಆಡಿಕೊಳ್ಳುವುದು ಅವರ ರಾಜೀನಾಮೆಗಳನ್ನು. 1984ರ ಲೋಕಸಭೆಯಲ್ಲಿ ಜನತಾ ಪಕ್ಷಕ್ಕೆ 28ರಲ್ಲಿ ನಾಲ್ಕೇ ಸೀಟು ಬಂದಾಗ ಕೊಟ್ಟ ಮೊದಲನೆಯದು ನನ್ನ ಲೆಕ್ಕದಲ್ಲಿ ಚೊಕ್ಕ ರಾಜೀನಾಮೆ. ಜನರ ಹತ್ತಿರ ವಾಪಸು ಹೋದರು, 139 ಸೀಟು ತಂದರು. 1986ರದ್ದು ಹಾಗಲ್ಲ. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯಲ್ಲಿ ಹೈಕೋರ್ಟು ಚಾಟಿ ಬೀಸಿತೆಂದು ಕೊಟ್ಟು, ಮೂರು ದಿನಕ್ಕೆ ಹಿಂದಕ್ಕೆ ತೆಗೆದುಕೊಂಡರು. ಮೌಲ್ಯಾಧಾರಿತ ರಾಜಕಾರಣ ಎಂದು ಊರಿಗೆಲ್ಲ ಹೇಳಿಕೊಟ್ಟವರು ಹಾಗೆ ಮಾಡಬಾರದಿತ್ತು. ನಮ್ಮ ಕಡೆ ಇದನ್ನು ಹೇಳಿದರೆ ಈಗಲೂ ಕೆಲವರಿಗೆ ಸಿಟ್ಟು ಬರುತ್ತದೆ. ಟೆಲಿಫೋನ್ ಕದ್ದಾಲಿಕೆಯ ಗಲಾಟೆಯಲ್ಲಿ 1988ರ ಆಗಸ್ಟಿನಲ್ಲಿ ಕೊಟ್ಟದ್ದು ಮಾತ್ರ ತಿರುಗಿ ಬರಲಿಲ್ಲ, ಎಸ್.ಆರ್. ಬೊಮ್ಮಾಯಿಯವರು ಬಂದರು.

ವೋಟು ಹಾಕದಿದ್ದರೂ ಅವರ ಸರ್ಕಾರದ ಅನ್ನ ತಿಂದವನು ನಾನು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆ ಆಯಿತು. ಅದೇ ವರ್ಷ ನಾನು ಕಾರವಾರದಲ್ಲಿ ಪರಿಷತ್ತಿನ ಗುಮಾಸ್ತನಾಗಿ ಸೇರಿದೆ. ಸಿದ್ದಾಪುರದಿಂದ ಬಸ್ಸು ದೊಡ್ಮನೆ ಘಟ್ಟ ಇಳಿದು ಕುಮಟೆಗೆ, ಅಲ್ಲಿಂದ ಇನ್ನೊಂದು ಬಸ್ಸು. ಹೆಗಡೇರ ಊರು ದೊಡ್ಮನೆ ದಾಟುವಾಗಲೆಲ್ಲ ಕಿಟಕಿಯಿಂದ ಕಾಣುತ್ತಿದ್ದದ್ದು ತೋಟ, ಬೆಟ್ಟ, ಸೊಪ್ಪಿನ ಹೊರೆ ಹೊತ್ತು ಹೋಗುವವರು.

ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯಮಂತ್ರಿಯ ದರ್ಜೆ. ಅಲ್ಲಿಯವರೆಗೆ ಜಿಲ್ಲಾಧಿಕಾರಿಯೇ ದೊರೆ ಎಂದುಕೊಂಡಿದ್ದ ನಮ್ಮ ಹಿರಿಯ ಗುಮಾಸ್ತರಿಗೆ ಯಾರಿಗೆ ಮೊದಲು ಎದ್ದು ನಿಲ್ಲಬೇಕೆಂಬುದೇ ತಲೆಬಿಸಿ. ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರು ಹೆಗಡೆಯವರ ಬೆಂಬಲದಲ್ಲಿ ಮಾಡಿದ ಕಾಯ್ದೆ ಅದು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹೊಡೆಸಿ ಜನರ ಬಾಯಲ್ಲಿ ನೀರ್ ಸಾಬ್ ಆಗಿದ್ದರಲ್ಲ, ಅವರೇ. ಸದಸ್ಯರಲ್ಲಿ ನೂರಕ್ಕೆ 25 ಜಾಗ ಹೆಂಗಸರಿಗೆ. ಒಂದು ಸಭೆಯಲ್ಲಿ ಕರಾವಳಿ ಕಡೆಯ ಸದಸ್ಯೆಯೊಬ್ಬರು ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತರು. ಸಹಿ ಬರುವುದಿಲ್ಲವೇನೋ ಎಂದು ಇಂಕ್ ಪ್ಯಾಡ್ ಸರಿಸಿದೆ. ಅವರು ಅದನ್ನು ಪಕ್ಕಕ್ಕೆ ತಳ್ಳಿ, "ತಡಿ ಮಾರಾಯಾ, ಹಿಂದಿನ ಮೀಟಿಂಗಿಗೆ ಬರದಿದ್ದವ್ರ ಸಹಿನೂ ಇದ್ರಲ್ಲಿ ಅದ್ಯಲ್ಲ" ಅಂದರು. ಕಿವಿ ಬಿಸಿಯಾಯಿತು. ಆ ಪುಸ್ತಕ ನನ್ನ ವಶದಲ್ಲಿತ್ತು.

ಆಮೇಲಿನದನ್ನು ಪತ್ರಿಕೆಯಲ್ಲಿ ಓದಿದ್ದಷ್ಟೇ: ಯೋಜನಾ ಆಯೋಗ, 1996ರಲ್ಲಿ ಜನತಾ ದಳದಿಂದ ಉಚ್ಚಾಟನೆ, ಲೋಕಶಕ್ತಿ, ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಖಾತೆ.

ಅವರು ತೀರಿಕೊಂಡದ್ದು 2004ರ ಜನವರಿ 12ಕ್ಕೆ. ಮತ್ತೆ ಕೊಯ್ಲಿನ ಹೊತ್ತು. ನಾನು ರಜೆ ಹಾಕಿ ಮನೆಗೆ ಬಂದಿದ್ದೆ. ಅಂಗಳದಲ್ಲಿ ಗ್ಯಾಸ್‌ಲೈಟಿನ ಬದಲು ಟ್ಯೂಬ್‌ಲೈಟು, ಸುಲಿಯಲು ನಾಲ್ಕೇ ಜನ. ಟಿವಿಯಲ್ಲಿ ಹಳೆಯ ಚಿತ್ರಗಳು ಬರುತ್ತಿದ್ದವು, ಆ ಗಡ್ಡ, ಆ ನಗೆ. ಅಪ್ಪ ನೋಡಲು ಒಳಗೆ ಬರಲಿಲ್ಲ. ಮೆಟ್ಟುಗತ್ತಿ ಮೇಲೆ ಕೂತಲ್ಲಿಂದಲೇ, "ಇಲ್ಲಿಗೆ ತತ್ವಡನೋ, ಅಲ್ಲೇ ಮಾಡ್ತ್ವಡನೋ?" ಎಂದು ಕೇಳಿದರು. ಬೆಂಗಳೂರಲ್ಲೇ ಅಂದೆ. ಇನ್ನೊಂದು ಅಡಿಕೆ ಎತ್ತಿಕೊಂಡರು.