ಕ್ಯಾಲಿಫೋರ್ನಿಯಾದಲ್ಲೊಂದು ವಾಯವ್ಯ ಗಡಿ

ಲಾಸ್ ಏಂಜಲಿಸ್‌ನಿಂದ ಬೆಳಿಗ್ಗೆ ಹೊರಟು ಮರುಭೂಮಿ ದಾಟಿ ಹೈವೇ 395 ಹಿಡಿದರೆ, ಊಟದ ಹೊತ್ತಿಗೆ ಲೋನ್ ಪೈನ್. ಒಂದೇ ಮುಖ್ಯ ಬೀದಿಯ ಪುಟ್ಟ ಊರು. ಅಲ್ಲಿಂದ ವಿಟ್ನಿ ಪೋರ್ಟಲ್ ರಸ್ತೆಗೆ ತಿರುಗಿದರೆ ಸ್ವಲ್ಪ ದೂರದಲ್ಲೇ ಅಲಬಾಮಾ ಹಿಲ್ಸ್ ಶುರು. ಬಂಡೆಗಳ ನಡುವೆ ನುಗ್ಗುವ ರಸ್ತೆಯ ಹೆಸರೇ ಮೂವೀ ರೋಡ್. ಡಾಂಬರು ಮುಗಿದ ಮೇಲೆ ಕಾರು ಗಡಗಡ ಅನ್ನತೊಡಗಿತು.

ಇಳಿದು ನೋಡಿದರೆ ಥೇಟ್ ರಾಮನಗರ! ಗುಂಡುಗುಂಡು ಕಲ್ಲುಗಳು, ಒಂದರ ಮೇಲೊಂದು. ಆದರೆ ಹಿಂದೆ ಹಿಮ ಹೊದ್ದ ಸಿಯೆರಾ ನೆವಾಡಾ ಪರ್ವತಸಾಲು. ಬ್ರಿಟಿಷರ ಕಾಲದ ಭಾರತದ ವಾಯವ್ಯ ಗಡಿಯನ್ನು ತೆರೆಗೆ ತರಲು ಹಾಲಿವುಡ್‌ಗೆ ಬೇಕಾಗಿದ್ದೂ ಅದೇ. ಮುಂದೆ ಒಣ ಗುಡ್ಡ, ಹಿಂದೆ ಹಿಮಾಲಯ, ಸ್ಟುಡಿಯೋದಿಂದ ಕೆಲವೇ ಗಂಟೆಯ ದಾರಿ. 1935ರಲ್ಲಿ ತೆರೆಕಂಡ ಚಿತ್ರವೊಂದಕ್ಕಾಗಿ ನಟ ಗ್ಯಾರಿ ಕೂಪರ್ ಬ್ರಿಟಿಷರ ಅಶ್ವದಳದ ಬಂಗಾಳ ಲ್ಯಾನ್ಸರ್ ಆಗಿ ಇಲ್ಲೇ ಕುದುರೆ ಓಡಿಸಿದ.

ನಾನು ಬಂದಿದ್ದು ಮಾತ್ರ 1939ರ ಚಿತ್ರ ‘ಗಂಗಾ ದಿನ್’ಗಾಗಿ. ಅದರ ನೆನಪಿಗೆ ಇಲ್ಲೊಂದು ಫಲಕವೂ ಇದೆ. ಕ್ಯಾರಿ ಗ್ರಾಂಟ್ ಸೇರಿ ಮೂವರು ಬ್ರಿಟಿಷ್ ಸಾರ್ಜೆಂಟ್‌ಗಳು, ಅವರಿಗೆ ನೀರು ಹೊರುವ ಗಂಗಾ ದಿನ್, ಕಾಳಿಯ ಹೆಸರಲ್ಲಿ ಕೊಲ್ಲುವ ಥಗ್ಗರು. ಕಾಳಿ ದೇವಸ್ಥಾನ, ತೂಗುಸೇತುವೆ ಎಲ್ಲವನ್ನೂ ಈ ಕಲ್ಲುಗಳ ನಡುವೆಯೇ ಕಟ್ಟಿದ್ದರು. ಗೆಳೆಯ ಫೋನಿನಲ್ಲಿ ಚಿತ್ರದ ಒಂದು ದೃಶ್ಯ ನಿಲ್ಲಿಸಿ, ಎತ್ತಿ ಹಿಡಿದು, ಹಿಂದಿನ ಶಿಖರಗಳ ಸಾಲಿಗೆ ಹೊಂದಿಸುತ್ತಾ ಹೋದ. ಎರಡು ಹೆಜ್ಜೆ ಎಡಕ್ಕೆ, ಒಂದು ಹಿಂದಕ್ಕೆ. ಕಲ್ಲಿನ ಒಂದು ಬಿರುಕು ಸರಿಯಾಗಿ ಕೂತಿತು. ಕೈಯಿಟ್ಟರೆ ಗ್ರಾನೈಟ್ ಒರಟು, ಹರಳುಗಳು ಪುಡಿಪುಡಿಯಾಗಿ ಅಂಗೈಗೆ ಅಂಟಿದವು.

ಸಾಹಸದ ಚಿತ್ರವಾಗಿ ಅದು ಈಗಲೂ ಮಜಾ ಕೊಡುತ್ತದೆ, ಸುಳ್ಳು ಹೇಳಲ್ಲ. ಹೊಡೆದಾಟದಲ್ಲೂ ನಗು, ಎಲ್ಲೂ ನಿಲ್ಲದ ಓಟ. ಆದರೆ ನಮ್ಮವರ ಪಾತ್ರ ಮಾಡಿದ್ದು ಯಾರು? ಗಂಗಾ ದಿನ್ ಆಗಿದ್ದು ನ್ಯೂಯಾರ್ಕ್‌ನ ಸ್ಯಾಮ್ ಜಾಫೆ, ಮೈಗೆಲ್ಲ ಕಂದು ಬಣ್ಣ ಬಳಿದುಕೊಂಡು. ಥಗ್ಗರ ಗುರು ಇಟಲಿಯಲ್ಲಿ ಹುಟ್ಟಿದ ಎಡುವಾರ್ಡೊ ಚಿಯಾನೆಲ್ಲಿ. ಚಿತ್ರಕ್ಕೆ ಬಂಗಾಳ, ಬಾಂಬೆ ಪ್ರಾಂತ್ಯಗಳಲ್ಲಿ ನಿಷೇಧ ಬಿತ್ತು. ಬೀಳದೆ ಇರುತ್ತಾ? ಅದರಲ್ಲಿ ಒಳ್ಳೆಯ ಭಾರತೀಯ ಅಂದರೆ ದೊರೆಗಳಿಗಾಗಿ ಸಾಯುವವನು.

ಗಂಗಾ ದಿನ್ ಪಾತ್ರಕ್ಕೆ ಮೊದಲು ನಟ ಸಾಬುವನ್ನು ಕೇಳಿದ್ದರಂತೆ. ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ. 1937ರಲ್ಲಿ ಅವನ ಚಿತ್ರ ‘ಎಲಿಫೆಂಟ್ ಬಾಯ್’ ಬಂದಾಗ ಇನ್ನೂ ಹುಡುಗ. ಆಮೇಲೆ ತೆರೆಯ ಮೇಲೆ ಬಾಗ್ದಾದಿನ ಕಳ್ಳನಾದ, ಮೌಗ್ಲಿಯಾದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಬಾಲದಲ್ಲಿ ಕೂತು ನಿಜವಾದ ಗುಂಡನ್ನೂ ಹಾರಿಸಿದ, ಪದಕವೂ ಬಂತು. ಸಾಬು ಈ ಕಲ್ಲುಗಳ ಮೇಲೆ ಹತ್ತಿಳಿದಿದ್ದರೆ ಚಿತ್ರದ ರಾಜಕೀಯ ಏನೂ ಬದಲಾಗುತ್ತಿರಲಿಲ್ಲ. ಬಣ್ಣ ಬಳಿಯುವ ಕೆಲಸವೊಂದು ತಪ್ಪುತ್ತಿತ್ತು, ಅಷ್ಟೇ.

ಸಂಜೆ ಮೋಬಿಯಸ್ ಆರ್ಚ್‌ವರೆಗೆ ನಡೆದೆವು. ಕಲ್ಲಿನ ಕಮಾನಿನೊಳಗಿಂದ ವಿಟ್ನಿ ಶಿಖರ ಕಾಣುತ್ತದೆ, 14,505 ಅಡಿ. ಕಣ್ಣಿಗೆ ಅದಕ್ಕಿಂತ ಎತ್ತರ ಕಾಣುವುದು ಪಕ್ಕದ ಲೋನ್ ಪೈನ್ ಪೀಕ್, ಹತ್ತಿರ ಇರೋದ್ರಿಂದ. ಗೆಳೆಯ ಅದರ ಫೋಟೋವನ್ನೇ ಜಾಸ್ತಿ ತೆಗೆದ. ಊರಿಗೆ ಮರಳುವಷ್ಟರಲ್ಲಿ ಸಿನಿಮಾ ಮ್ಯೂಸಿಯಂ ಮುಚ್ಚಿತ್ತು. ಅದನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಂಡು ಊಟಕ್ಕೆ ಜಾಗ ಹುಡುಕಿದೆವು.